ಗಜ್ಜರಿ ಬೇಡ, ಟೊಮೆಟೊ ಆದೀತು

ಸಿಲೇಸಿಯಾದ ಆ ಊರಲ್ಲಿ ಸತು ಕರಗಿಸುವ ಕಾರ್ಖಾನೆ
ನಿಂತು ಮೂವತ್ತು ವರ್ಷ. ಚಿಮಣಿ ಇನ್ನೂ ನಿಂತಿದೆ.
ಅದರ ನೆರಳು ಮಧ್ಯಾಹ್ನ ಎರಡಕ್ಕೆ
ಕೈತೋಟಗಳ ಮೇಲೆ ಬಿದ್ದು, ಮೂರಕ್ಕೆ ಎದ್ದು ಹೋಗುತ್ತದೆ.
ಬಿದ್ದದ್ದೆಲ್ಲ ಎದ್ದು ಹೋಗುವುದಿಲ್ಲ.
ನನ್ನ ನಾಲ್ಕು ವರ್ಷದ ಸಂಶೋಧನೆಯ ಸಾರ ಇಷ್ಟೇ.

ನೂರ ಹದಿನಾಲ್ಕು ತೋಟ, ಒಂದೊಂದರಲ್ಲೂ ಐದು ಕಡೆ
ಗೇಣುದ್ದ ಕೊರೆದು ಮಣ್ಣು ತೆಗೆದಿದ್ದೆ.
ಚೀಲದ ಮೇಲೆ ಸೀಸದ ಕಡ್ಡಿಯಲ್ಲಿ ನಂಬರು.
ಕಡ್ಡಿಯಲ್ಲಿ ಸೀಸವಿಲ್ಲ, ಹೆಸರಿದೆ.
ಮಣ್ಣಿಗೆ ಆ ಹೆಸರಿಲ್ಲ,
ಇದೆ.

ಪ್ರಬಂಧ ಅಚ್ಚಾಯಿತು. ಏಳು ಜನ ಓದಿದರು,
ಇಬ್ಬರು ಮೆಚ್ಚಿ ಬರೆದರು,
ಒಬ್ಬರೂ ಗಜ್ಜರಿ ಬೆಳೆಯುವವರಲ್ಲ.
'ಹೋಗಿ ಹೇಳಿ ಬಾ' ಎಂದರು ನನ್ನ ಪ್ರೊಫೆಸರ್ ಬೊಗುಮಿವಾ,
ಹಾಲು ತಂದುಬಿಡು ಎನ್ನುವ ದನಿಯಲ್ಲಿ.

ನವೆಂಬರಿನ ಶನಿವಾರ. ತೋಟಗಾರರ ಸಂಘದ ಹಾಲ್,
ಒದ್ದೆ ಕೋಟುಗಳ ವಾಸನೆ, ಇಪ್ಪತ್ತೆರಡು ಸ್ಲೈಡು.
ಮೂರನೆಯದಕ್ಕೇ ಎದ್ದ ಅಲೋಯ್ಜಿ,
ಗಣಿಯಲ್ಲಿ ಕಿವಿ ಕಳೆದುಕೊಂಡವ, ಪಾರಿವಾಳ ಸಾಕುವವ.
'ಮಗಳೇ, ಆ ಚುಕ್ಕಿಗಳಲ್ಲಿ ನನ್ನದು ಯಾವುದು?'

ಹೇಳುವಂತಿಲ್ಲ, ಎಂದೆ. ನಿಯಮ. ಗೌಪ್ಯತೆ.
ಕೇಳಿಸಲಿಲ್ಲವೇನೋ ಎಂದು ಗಟ್ಟಿಯಾಗಿ ಇನ್ನೊಮ್ಮೆ ಎಂದೆ,
ಗೌಪ್ಯತೆ.
'ಅವತ್ತು ಮಳೆ. ನೀನು ಕೊರೆಯುವಾಗ
ನಿನ್ನ ತಲೆಗೆ ಕೊಡೆ ಹಿಡಿದವನು ನಾನು.
ನನ್ನ ಮಣ್ಣಿನ ಗುಟ್ಟು ನನಗೇ ಗುಟ್ಟೇ?'

ಯಾರೋ ನಕ್ಕರು. ನಾನು ಪ್ರೊಜೆಕ್ಟರ್ ಆರಿಸಿದೆ.
ಪಟ್ಟಿ ಚೀಲದಲ್ಲೇ ಇತ್ತು.
ಮೂಲೆಯ ಮೇಜಿಗೆ ಒಬ್ಬೊಬ್ಬರೇ ಬಂದರು,
ಇಗರ್ಜಿಯಲ್ಲಿ ಪಾಪ ನಿವೇದಿಸಲು ನಿಂತ ಹಾಗೆ ಸಾಲು,
ನಿವೇದಿಸುತ್ತಿದ್ದವಳು ಮಾತ್ರ ನಾನು.
ಕಿವಿಯ ಹತ್ತಿರ ಬಾಗಿ ಒಂದೊಂದು ಅಂಕಿ.
ಅಲೋಯ್ಜಿಗೆ ಬರೆದು ತೋರಿಸಬೇಕಾಯಿತು.
ಅವನು ಕಾಗದ ಮಡಚಿ ಟೋಪಿಯೊಳಗೆ ಇಟ್ಟುಕೊಂಡ.

ಕೊನೆಗೆ ಉರ್ಶುಲಾ. ಅಂಕಿ ಕೇಳಲಿಲ್ಲ.
ಕೈಚೀಲದಿಂದ ಸೀಸೆಯೊಂದನ್ನು ತೆಗೆದಿಟ್ಟಳು,
ಆಗಸ್ಟಿನ ಗಜ್ಜರಿ, ಪಾರ್ಸ್ಲಿ ಬೇರು, ಉಪ್ಪು.
'ಮೊಮ್ಮಗಳಿಗೆ ಹಲ್ಲು ಬಂದಾಗಿನಿಂದ ಇದೇ. ಹೇಳು.'

ಹೇಳಿದೆ. ನೆಲದೊಳಗೆ ಬಲಿಯುವುದು ಬೇಡ, ಸೊಪ್ಪು ಬೇಡ.
ಟೊಮೆಟೊ ಆದೀತು, ಹುರುಳಿಕಾಯಿ, ಸೇಬು ತೊಳೆದು.
ಹಲಗೆಯ ಪೆಟ್ಟಿಗೆ ಕಟ್ಟಿ ಹೊರಗಿನ ಮಣ್ಣು ತುಂಬಿ.
ಮಂಗಳವಾರ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ, ದುಡ್ಡಿಲ್ಲ.
'ಅದು ಮುಂದಿನದು,' ಎಂದಳು, 'ನಾನು ಕೇಳಿದ್ದು ತಿಂದದ್ದು.'

ಅದಕ್ಕೆ ಇಪ್ಪತ್ತೆರಡರಲ್ಲಿ ಒಂದು ಸ್ಲೈಡೂ ಇರಲಿಲ್ಲ.
ಯಾರದೋ ತಪ್ಪಿಗೆ ನಾನು ಕ್ಷಮೆ ಕೇಳಬೇಕೆನಿಸಿತು.
ಆದರೆ ಹೊಟ್ಟೆಗೆ ಹಾಕಿಕೊಳ್ಳಿ ಎನ್ನುವ ಮಾತು
ಆ ಮೇಜಿನ ಮುಂದೆ, ಆ ಸೀಸೆಯ ಮುಂದೆ
ಆಡುವಂಥದ್ದಾಗಿರಲಿಲ್ಲ.

ಮೇ ತಿಂಗಳಲ್ಲಿ ಮತ್ತೆ ಹೋದೆ, ಕರೆಯದೆಯೇ.
ಅಲೋಯ್ಜಿ ಪಾರಿವಾಳದ ಹಳೆಯ ಗೂಡು ಬಿಚ್ಚಿ
ಆ ಹಲಗೆಯಲ್ಲಿ ಪೆಟ್ಟಿಗೆ ಕಟ್ಟಿದ್ದ.
ಅಂಗಡಿಯ ಮಣ್ಣನ್ನು ಒಂದು ಹಿಡಿ ನನ್ನ ಕೈಗೆ ಸುರಿದು
'ಇದನ್ನೂ ನೋಡು, ಚೀಟಿ ನಂಬಬೇಡ' ಎಂದ.
ಮಗುವಿನ ರಕ್ತದ ಅಂಕಿ ಬಂದಿತ್ತಂತೆ. ಯಾರೂ ಹೇಳಲಿಲ್ಲ,
ಈ ಸಲ ಕೇಳದಿರುವ ಸರದಿ ನನ್ನದು.

ಅರವತ್ತೊಂದನೆಯ ತೋಟದಲ್ಲಿ ಉರ್ಶುಲಾ ಮೊಣಕಾಲೂರಿದ್ದಳು.
ಹಳೆಯ ಮಣ್ಣು, ಹಳೆಯ ಸಾಲು,
ಹೋದ ವರ್ಷ ಕೀಳದೆ ಬಿಟ್ಟ ಗಜ್ಜರಿ.
ಬಾಯಿ ತೆರೆದೆ. ಕೈಯೆತ್ತಿ ತಡೆದಳು.

'ತಿನ್ನಲಿಕ್ಕಲ್ಲ. ಎರಡನೇ ವರ್ಷ ಇದು ಹೂ ಬಿಡುತ್ತದೆ,
ಬಿಳೀದು, ಹಾಲ್ನೊರೆ ಥರ, ನನ್ನಜ್ಜಿ ಹೇಳಿದ್ದು.
ಎಪ್ಪತ್ತು ವರ್ಷ ಬೆಳೆದೆ, ನಾನೇ ನೋಡಿಲ್ಲ.
ಬಿಡುತ್ತಿತ್ತು,
ನಾವು ಬಿಡಲಿಲ್ಲ.'