ನೆಲ ಮುಟ್ಟದ ನಲವತ್ತೊಂಬತ್ತು ದಿನ

ಮೂರನೆಯ ಚುಚ್ಚುಮದ್ದು ಆಗುವವರೆಗೆ
ಈ ಊರಿನ ನೆಲ ನಿನ್ನದಲ್ಲ, ಮೀಗಾ.
ವಾಲ್ಪರೈಸೊದಲ್ಲಿ ಮೆಟ್ಟಿಲಿಗೊಂದು ಬೀದಿನಾಯಿ,
ನಾಯಿಗೊಂದು ಕೆಮ್ಮು, ನಾಯಿಗೊಂದು ಭೇದಿ.
ಡಾಕ್ಟರಮ್ಮ ಒಂದು ಬೆರಳು ಮಡಿಸಿದಳು: ನೆಲಕ್ಕಿಳಿಸಬೇಡ.
ಅದೇ ಉಸಿರಿನಲ್ಲಿ ಇನ್ನೊಂದು ಬೆರಳು: ಲೋಕ ತೋರಿಸು,
ಹದಿನಾರು ವಾರ ತುಂಬುವಷ್ಟರಲ್ಲಿ ಕದ ಮುಚ್ಚಿಕೊಳ್ಳುತ್ತದೆ,
ಆಮೇಲೆ ಹೊಸದಾಗಿ ಕಂಡದ್ದೆಲ್ಲ ದೆವ್ವವೇ.

ಎರಡೂ ಹೇಗೆ ಸಾಧ್ಯ ತಾಯಿ, ಎಂದೆ.
ಕೈ ಇದೆಯಲ್ಲ, ಎಂದಳು.

ಈರುಳ್ಳಿ ಚೀಲದ ಬಾಯಿಗೆ ಹಳೇ ಸ್ವೆಟರಿನ ಅಂಚು ಹೊಲಿದೆ,
ಕೊರಳಿಗೆ ಹಾಕಿಕೊಂಡು ಕೆಲಸಕ್ಕೆ ಹೋದೆ.
ನನ್ನದೂ ನೆಲದ ಮೇಲಿನ ಕೆಲಸವಲ್ಲ ನೋಡು:
ಗುಡ್ಡ ಹತ್ತಿ ಇಳಿಯುವ ಹಳಿಬಂಡಿಯ ಟಿಕೆಟ್ ಗೂಡು.
ಇಪ್ಪತ್ತಾರು ವರ್ಷದಿಂದ ಊರೆಲ್ಲ
ಈ ತಿರುಗುಗಂಬಿ ತಳ್ಳಿಕೊಂಡೇ ಮನೆ ಸೇರುತ್ತದೆ.

ರಸೀದಿ ಪುಸ್ತಕದ ಬೆನ್ನಿಗೆ ಗೆರೆ ಎಳೆದು ಲೆಕ್ಕ ಇಟ್ಟೆ.
ಟೋಪಿಯವರು ಹದಿನಾಲ್ಕು. ಗಡ್ಡ ಒಂಬತ್ತು.
ಹೆಲ್ಮೆಟ್ ತೆಗೆಯದೆ ಮಾತಾಡಿಸಿದವರು ಮೂವರು.
ಊರುಗೋಲು ಎರಡು, ಒಂದು ಸುಮ್ಮನಿರುವಂಥದು,
ಒಂದು ದೊನ್ ಎಲೆಯುತೇರಿಯೊನದು, ಮಾತಿಗೊಮ್ಮೆ ನೆಲ ಕುಟ್ಟುವಂಥದು.
ಅವನು ನಿನ್ನ ನೆತ್ತಿಗೇ ಕೈ ಹಾಕಲು ಬಂದ.
ಮೊದಲು ಸೋಪು, ಎಂದೆ. ಆಮೇಲೆ ಗಲ್ಲದ ಕೆಳಗಿನಿಂದ, ಒಂದೇ ಬೆರಳು.
ನನ್ನ ಮದುವೆಗೂ ಇಷ್ಟು ಶಾಸ್ತ್ರ ಇರಲಿಲ್ಲ, ಎಂದು ಗೊಣಗಿ
ಕೈ ತೊಳೆದುಕೊಂಡು ಬಂದ.
ನೀನು ಆ ಬೆರಳು ಮೂಸಿ ಸೀನಿದೆ. ಅದನ್ನೂ ಬರೆದೆ.

ಗ್ಯಾಸಿನ ಹುಡುಗ ಸಿಲಿಂಡರಿಗೆ ಕಬ್ಬಿಣ ಬಡಿದು ಕೂಗಿದಾಗ
ಕಿವಿ ಎತ್ತಿದೆ, ಅಷ್ಟೇ.
ಆದರೆ ಬೆನ್ನಿಗೆ ಡೋಲು ಕಟ್ಟಿಕೊಂಡು
ಕಾಲಿನ ಹಗ್ಗದಲ್ಲೇ ತಾಳ ಹಾಕುತ್ತ ತಿರುಗುವ ಚಿಂಚಿನೇರೊ ಬಂದ,
ನೀನು ಚೀಲದ ತಳಕ್ಕಿಳಿದು ಗಡಗಡ.
ಏನೂ ಆಗಲ್ಲ ಬಾ ಎಂದು ಹತ್ತಿರ ಒಯ್ಯಲಿಲ್ಲ ನಾನು.
ನಲವತ್ತು ಮೆಟ್ಟಿಲು ಹಿಂದೆ ಸರಿದೆ,
ಡೋಲು ಹೊಟ್ಟೆ ನೋವಿನಷ್ಟು ದೂರದ ಗುಡುಗುಡು ಆಗುವವರೆಗೆ.
ಅಲ್ಲಿ ಬೇಯಿಸಿದ ಮೀನಿನ ಚೂರು ಕೊಟ್ಟೆ. ತಿಂದೆ.
ಮರುದಿನ ಮೂವತ್ತೆರಡು ಮೆಟ್ಟಿಲು. ತಿಂದೆ.
ಅದರ ಮರುದಿನ ತಿನ್ನಲಿಲ್ಲ. ಮತ್ತೆ ನಲವತ್ತು.

ತಿಸ್ನಾದೊನಿಗೆ ಹೀಗೆ ಮಾಡಲಿಲ್ಲ.
ಮಸಿ ಮೂತಿಯ ಕೂಸು. ಅದಕ್ಕೂ ಮುಂಚಿನದು
ಎರಡೇ ದಿನದಲ್ಲಿ ರಕ್ತ ಕಕ್ಕಿ ಹೋಗಿತ್ತಾದ್ದರಿಂದ
ಇವನನ್ನು ಹಿತ್ತಲ ಗೋಡೆ ದಾಟಿಸಲಿಲ್ಲ, ಆರು ತಿಂಗಳು.
ಒಂದು ನೆಗಡಿಯೂ ಬರಲಿಲ್ಲ ಅವನಿಗೆ.
ಕಲ್ಲಿನಂಥ ಮೈ.
ಕೊಡೆ ಬಿಚ್ಚಿದರೆ ಮಂಚದ ಕೆಳಗೆ.
ಹೊಸ ವರ್ಷದ ರಾತ್ರಿ ಕೊಲ್ಲಿಯ ತುಂಬ ಬಾಣಬಿರುಸು,
ಜನವೆಲ್ಲ ಮಾಳಿಗೆ ಮೇಲೆ ಅಪ್ಪಿಕೊಳ್ಳುತ್ತಿದ್ದಾಗ
ಹಗ್ಗ ಕಚ್ಚಿ ಹರಿದುಕೊಂಡು ಮೆಟ್ಟಿಲಿಳಿದ.
ಹಗ್ಗದ ಇನ್ನೊಂದು ತುದಿ ನನ್ನ ಹತ್ತಿರವೇ ಇದೆ.

ಇವತ್ತು ನಿನ್ನ ಕಾರ್ಡಿಗೆ ಮೂರನೆಯ ಮುದ್ರೆ ಬಿದ್ದು ತಕ್ಕಷ್ಟು ದಿನ ಕಳೆದಿದೆ.
ಗೂಡಿನ ಮುಂದಿನ ಮೆಟ್ಟಿಲು ಗುಡಿಸಿ
ಎರಡೂ ಕೈಯಲ್ಲಿ ಹಿಡಿದು, ಇಳಿಸಿದೆ.

ನೀನು ನಿಂತೆ. ಒಂದು ಕಾಲು ಎತ್ತಿಕೊಂಡು,
ಕಾದ ಹೆಂಚಿನ ಮೇಲಿಟ್ಟಂತೆ.
ಹಳದಿ ಮುದಿನಾಯಿಯೊಂದು ಬಂದು ಮೂರು ಮೆಟ್ಟಿಲು ಕೆಳಗೆ ಕೂತಿತು,
ನಿನ್ನ ಕಡೆ ನೋಡದೆ, ಸಮುದ್ರ ನೋಡುತ್ತ.
ತಿಳಿದವರ ಮರ್ಯಾದೆ ಅದು.
ನನ್ನ ಬೂಟಿನ ಹಿಂದೆ ಅಡಗಿದೆ ನೀನು.
ಎತ್ತಿಕೊಳ್ಳಲೆಂದು ಬಾಗಿದ ಬೆನ್ನನ್ನು
ಅರ್ಧದಲ್ಲೇ ನಿಲ್ಲಿಸಿಕೊಂಡೆ.

ಕೆಳಗಿನ ನಿಲ್ದಾಣದಿಂದ ಗಂಟೆ, ಮತ್ತೊಮ್ಮೆ ಗಂಟೆ.
ಜನ ಕಾಯುತ್ತಿದ್ದಾರೆ. ಕಾಯಲಿ.

ಮೂಗು ಮೊದಲು ಹೊರಗೆ ಬಂತು. ಆಮೇಲೆ ಎತ್ತಿದ್ದ ಕಾಲು ಕೆಳಗೆ.
ಎರಡು ಹೆಜ್ಜೆ, ಕುಕ್ಕರಿಸಿದೆ,
ಮೆಟ್ಟಿಲ ಮೇಲೆ ಅಂಗೈಯಗಲ ಒದ್ದೆ.
ಒಳಗೆ ಹೋಗಿ ಪುಸ್ತಕ ತಿರುವಿದೆ.
ಖಾಲಿ ಚೀಲಕ್ಕೂ ನನ್ನ ಎಡಭುಜ ಇನ್ನೂ ಬಾಗಿಯೇ ಇತ್ತು.
ಬರೆದೆ:
ನೆಲ, ಒಂದು.