ಕಾಲು ತಣ್ಣಗಾಗ್ತಿದೆ

ಬಾ ಐದಿಬೆಕ್, ಬಾನೆಟ್ ಆಮೇಲೆ.
ಮೊದಲು ಬಗ್ಗು, ಹಿಮ ನೋಡು,
ರಾತ್ರಿ ಗಾಡಿ ನಿಂತಿದ್ದ ಜಾಗ.
ನಿದ್ದೆಯಲ್ಲಿ ಅದು ಏನು ಕನವರಿಸಿತೋ
ಬೆಳಗಿಗೆ ಅಲ್ಲಿ ಬರೆದಿರುತ್ತದೆ:
ಕಪ್ಪಾದರೆ ಎಣ್ಣೆ, ಕೆಂಪಾದರೆ ಗೇರ್ ಬಾಕ್ಸಿನದು,
ನೀಲಿಯಾದರೆ ತೊಸೋಲ್.

ಆ ವರ್ಷ ನನ್ನ ಅಂಗಳದಲ್ಲಿ ನೀಲಿ ಬಿದ್ದಿತ್ತು,
ಒಂದು ಸೊಮೊನಿ ನಾಣ್ಯದಷ್ಟು.
ಪಕ್ಕದ ಮನೆಯ ಹುಡುಗರು ಶಾಯಿ ಚೆಲ್ಲಿರಬೇಕು ಅಂದುಕೊಂಡೆ.
ನಾಲ್ಕು ಬೆಳಗು, ನಾಲ್ಕು ನಾಣ್ಯ.
ಯಾವ ಹುಡುಗ ದಿನಾ ಅದೇ ಜಾಗಕ್ಕೆ ಬಂದು
ಅಷ್ಟೇ ಶಾಯಿ ಚೆಲ್ಲುತ್ತಾನೆ?
ಕೇಳಿಕೊಳ್ಳಲಿಲ್ಲ.
ಕೇಳಿಕೊಂಡರೆ ಖರ್ಚಿತ್ತು.
ಕಡಿಮೆಯಾದಷ್ಟಕ್ಕೆ ಕೆಟ್ಲಿನ ನೀರು ಸುರಿದು
ಮುಚ್ಚಳ ತಿರುಗಿಸಿದೆ.

ಫೆಬ್ರವರಿ. ಮುರ್ಗಾಬಿನಿಂದ ಖೊರೋಗಿಗೆ.
ಹಳೆಯ ಪಜೆರೊದಲ್ಲಿ ಏಳು ಜನ,
ಮೇಲೆ ಗೋಣಿ ಸುತ್ತಿದ ಯಾಕ್ ತೊಡೆ.
ಮುಂದಿನ ಸೀಟಿನಲ್ಲಿ ತೊಕ್ತೊಬಾಯ್, ಗೊರಕೆ.
ಹಿಂದೆ ಸವ್ಸನ್ ಬೀಬಿ,
ಅವಳ ತೊಡೆಯ ಮೇಲೆ ಮೊಮ್ಮಗಳು ಶೊಯಿರಾ.
ಅಲಿಚುರ್ ದಾಟಿ ಅರ್ಧ ಗಂಟೆಯಾಗಿತ್ತು.

"ಮಾಮಾ, ಕಾಲು ತಣ್ಣಗಾಗ್ತಿದೆ."

ಪಾಮೀರಿನ ಚಳಿಗಾಲದಲ್ಲಿ
ಕಾಲು ಇನ್ನೇನು ಬೇಯುತ್ತದಾ ಪುಟ್ಟಿ, ಅಂದೆ.
ಎಲ್ಲರೂ ನಕ್ಕರು. ತೊಕ್ತೊಬಾಯ್ ಕೂಡ, ನಿದ್ದೆಯಲ್ಲೇ.

ಇನ್ನೊಮ್ಮೆ ಅಂದಳು.
ಹೀಟರ್ ಗುಂಡಿ ಪೂರ್ತಿ ತಿರುಗಿಸಿದೆ,
ಗಾಳಿ ಬಂತು, ಬಿಸಿ ಬರಲಿಲ್ಲ.
ಮುಳ್ಳು ನೋಡಿದೆ: ಇಳಿದಿತ್ತು.
ಸದ್ಯ, ಇಂಜಿನ್ ತಂಪಾಗಿದೆ ಅಂತ
ಹೊಟ್ಟೆ ತಣ್ಣಗಾಯಿತು ನನಗೆ.

ಮುಳ್ಳಿಗೆ ಏನು ಗೊತ್ತು, ಐದಿಬೆಕ್?
ನೀರು ಮುಟ್ಟಿ ಸುದ್ದಿ ಹೇಳುವ ಬಡಪಾಯಿ ಅದು.
ನೀರು ಖಾಲಿಯಾದ ಮೇಲೆ ಗಾಳಿ ಮುಟ್ಟಿ
'ಇಲ್ಲಿ ಎಲ್ಲರೂ ಕ್ಷೇಮ' ಅಂತ ಕಾಗದ ಹಾಕಿತು.
ಅತ್ತ ಮನೆಗೆ ಬೆಂಕಿ ಬಿದ್ದಿತ್ತು.

ಈ ಎತ್ತರದಲ್ಲಿ ನೀರಿಗೆ ಮೊದಲೇ ಅವಸರ.
ನಿನ್ನ ಅತ್ತೆಯ ಒಲೆ ನೋಡಿದ್ದೀಯಲ್ಲ,
ಗಳಗಳ ಕುದಿಯುತ್ತದೆ, ಆಲೂಗಡ್ಡೆ ಮಾತ್ರ ಬೇಯುವುದಿಲ್ಲ.

ಕೊಯ್-ತೆಜೆಕ್ ಏರಿನಲ್ಲಿ
ಡಬ್ಬಿಯೊಳಗೆ ಜರ್ದಾಲು ಬೀಜ ಅಲುಗಿಸಿದ ಸದ್ದು.
ರೇಡಿಯೊ ಜೋರು ಮಾಡಿದೆ.
ನಗಬೇಡ, ನೀನೂ ಮಾಡುತ್ತೀಯ.
ಆಮೇಲೆ ತೊಕ್ತೊಬಾಯ್ ಎದ್ದು ಮೂಗರಳಿಸಿ ಕೇಳಿದ:
"ಯಾರಪ್ಪ ಮಿಠಾಯಿ ತಿಂತಿರೋದು,
ನನಗೊಂದು ಕೊಡಿ."
ಆ ಸಿಹಿ ವಾಸನೆಗೆ ಅರ್ಥ ನನಗೆ ಗೊತ್ತಿತ್ತು.

ಬೆಂಕಿಯಿಲ್ಲದೆ ಹೊಗೆಯಿಲ್ಲ ಅನ್ನುವ ಗಾದೆ ಕಟ್ಟಿದವನು
ಗಾಡಿ ಓಡಿಸಿದವನಲ್ಲ.
ಬಿಳಿ ಹೊಗೆ ಕಾಣುವ ಹೊತ್ತಿಗೆ
ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿ
ಇಂಜಿನ್ ಮೌನ ಹಿಡಿದಿತ್ತು.

ಸ್ಟೆಪ್ನಿ ಟೈರು ಸುಟ್ಟೆವು. ಸೀಟಿನ ಸ್ಪಂಜು ಸುಟ್ಟೆವು.
ಸವ್ಸನ್ ಬೀಬಿ ಆ ಪಾದಗಳನ್ನು
ತನ್ನ ಕುಪ್ಪಸದೊಳಗೆ, ಹೊಟ್ಟೆಗೆ ಒತ್ತಿ ಕೂತಳು,
ನನಗೆ ಒಂದು ಮಾತೂ ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.
ಬೆಳಗಿನ ಜಾವ ಚೀನಾ ಕಡೆಯ ಲಾರಿ ಬಂತು.
ಎಡಗಾಲಿನ ಕಿರುಬೆರಳು ಉಳಿಯಲಿಲ್ಲ.

ಅವಳೀಗ ಖೊರೋಗಿನಲ್ಲಿ ಓದುತ್ತಾಳೆ.
ರಜೆಗೆ ಊರಿಗೆ ಹೋಗುವಾಗ
ಬಜಾರಿನಲ್ಲಿ ಹತ್ತು ಗಾಡಿ ನಿಂತಿದ್ದರೂ
ನನ್ನದನ್ನೇ ಹುಡುಕುತ್ತಾಳೆ, ಯಾಕೋ ತಿಳಿಯದು.
ಅಲಿಚುರ್ ಬಂದ ಕೂಡಲೇ,
ನಾನು ಕೇಳುವ ಮೊದಲೇ,
ಕಿಟಕಿಯಾಚೆ ನೋಡುತ್ತ ಹೇಳುತ್ತಾಳೆ:
"ಕಾಲು ಬೆಚ್ಚಗಿದೆ, ಮಾಮಾ."

ಸರಿ, ಕೀ ನಿನ್ನದು ಇನ್ನು.
ಕಿವಿ, ಮೂಗು, ಎಲ್ಲ ಕಲಿಸುತ್ತೇನೆ, ಒಂದೊಂದಾಗಿ.
ಸೀಟಿನಲ್ಲಿ ಕೂತವರ ದೂರೂ ಒಂದು ಮೀಟರೇ,
ಅದನ್ನು ಮಾತ್ರ ಯಾವ ಕಂಪನಿಯೂ ಡ್ಯಾಶ್‌ಬೋರ್ಡಿನಲ್ಲಿ ಕೂರಿಸಿಲ್ಲ.

ಕೈಗವಸು ತೆಗಿ.
ಆ ರಬ್ಬರ್ ಪೈಪನ್ನು ಮೆಲ್ಲಗೆ ಹಿಂಡು.
ಏನನ್ನುತ್ತದೆ?