ಸೋತೊ

ಗಿಣಿಗೇರಾದ ಫ್ಯಾಕ್ಟರಿಗೆ ಮಷೀನ್ ಕೂಡ್ಸಾಕ ಬಂದಿದ್ದ,
ಮೂರು ತಿಂಗಳ ಮಾತು.
ದಿನಕ್ಕ ಮೂರು ಸರ್ತಿ ಒರಸಿದ್ರೂ ಕರೇ ಧೂಳು ಕೂಡೋ
ನಮ್ಮ ಖಾನಾವಳಿ ಮೂಲಿ ಟೇಬಲ್ಲು ಅವಂದು.
ಹೆಸರು ವಾರ್ಸಿತೊ.
ಹುಡುಗರು ವಾರಸದಾರ ಅಂತಿದ್ರು.

ಮೊದಲನೇ ಜುಮ್ಮಾ ದಿನ ತಾಟು ಮುಂದಿಟ್ಟೆ.
ಮುಟ್ಟಲಿಲ್ಲ. ಸಣ್ಣ ದನಿಲೆ ಅಂದ: ಸೋತೊ.
ಯಾರಿಗೆ ಸೋತ್ಯೋ ತಮ್ಮಾ, ಅಂದೆ,
ಇಸ್ಪೀಟಿನ್ಯಾಗೋ, ಮೇಸ್ತ್ರಿ ಕೂಡ ಜಗಳದಾಗೋ?
ಅವ ಫೋನ್ ತಿರುಗಿಸಿ ತೋರಿಸಿದ:
ಅರಿಶಿಣ ಸಾರು, ಎಳಿ ಎಳಿ ಬಿಡಿಸಿದ ಕೋಳಿ,
ಅರ್ಧ ತತ್ತಿ, ತಳದಾಗ ಶಾವಿಗಿ.
ಓ, ಇದು ಸೋಲಲ್ಲ. ಹಸಿವು.

ಕ್ರೇನ್ ನಡಸೋ ಶಂಶಾವಲಿ ನಡುವ ಕುಂತು
ಅರ್ಧ ಹಿಂದಿ, ಅರ್ಧ ಕೈಸನ್ನಿಲೆ ತಿಳಿಸಿದ.
ಇವನ ಊರು ಲಮೊಂಗಾನ್‌ದಾಗ ಮ್ಯಾಲೊಂದು ಪುಡಿ ಬೇಕು,
ಸೀಗಡಿ ಹಪ್ಪಳ, ಹುರಿದ ಬಳ್ಳೊಳ್ಳಿ ಕುಟ್ಟಿದ್ದು.
ಪುಡಿ ಇಲ್ಲಂದ್ರ ಅದು ಬರೇ ಬಿಸಿನೀರು.
ಹೆಂತಿ ತವರು ಕೂದುಸ್.
ಅಲ್ಲೆ ಚಾದ ಬಸಿಯಷ್ಟ ಬಟ್ಟಲ, ಎಮ್ಮಿ ಮಾಂಸ.
ಆಕಳ ಮುಟ್ಟೋದಿಲ್ಲ.
ನೆರಿಮನಿಯವರ ಮನಸು ನೋಯಬಾರದಂತ
ಹಿಂದಕ ಯಾರೋ ಹಿರೇರು ಅಂದಿದ್ರಂತ.
ಅಂದವರು ಮಣ್ಣಾಗಿ ನೂರಾರು ವರ್ಷ,
ಸಾರು ಇನ್ನೂ ನೆನಪಿಟ್ಟೈತಿ.
ರಾಜಧಾನಿಯಾಗ ಹಾಲು ಹಾಕ್ತಾರ.
ಹಾಲು? ಮಾಂಸದ ಸಾರಿಗೆ?
ಸೌಟು ಹಿಡಕೊಂಡ ನಕ್ಕುಬಿಟ್ಟೆ.
ನಮ್ಮವ್ವನೂ ಹಿಂಗ ನಗತಿದ್ಲು, ಅಂದ.
ಮಕಾಸರ್‌ದಾಗ ಶೇಂಗಾ ಅರದು ಹಾಕ್ತಾರ, ಅಂದ.

ಶೇಂಗಾ ಅಂದಕೂಡ್ಲೆ ನನ್ನ ನಗಿ ನಿಂತ್ತು.

ಯಾಕಂದ್ರ ನಾನು ಮಾನವಿ ಹುಡುಗಿ,
ಕೊಟ್ಟದ್ದು ಕಂಪ್ಲಿ ಮಂದಿಗೆ.
ಮದುವಿಯಾದ ಮೂರನೇ ಮುಂಜಾನೆ ವಗ್ಗರಣಿ ಮಾಡಿದ್ದೆ,
ನಮ್ಮವ್ವ ಮಾಡೋ ಹಂಗ, ಕೆಂಪು ಖಾರ, ಹುಣಸಿಹುಳಿ,
ಕೈತುಂಬ ಶೇಂಗಾ.
ಅತ್ತಿ ಒಂದು ತುತ್ತು ತಿಂದು
ಶೇಂಗಾ ಆರಿಸಿ ಆರಿಸಿ ತಾಟಿನ ಅಂಚಿಗೆ ಇಟ್ಲು,
ಅನ್ನದಾಗ ಕಲ್ಲು ಸಿಕ್ಕಂಗ.
ಹೊನ್ನೂರಬೀ, ಮಂಡಾಳು ನಾಲಿಗಿ ಮ್ಯಾಲೆ ಕರಗಬೇಕವಾ,
ಹಸಿಮೆಣಸಿನಕಾಯಿ ಅರಿ, ನಿಂಬಿಹಣ್ಣು ಹಿಂಡು.
ಹನ್ನೊಂದು ವರ್ಷ ಅರದೆ, ಹಿಂಡಿದೆ.
ಆಕಿ ಹೋಗಿ ನಲವತ್ತು ದಿನ ಕಳದ ಮ್ಯಾಲೆ
ಶೇಂಗಾ ತಂದು ಹಾಕಿದೆ.
ಗಂಡ ತಾಟು ನೋಡಿದ, ನನ್ನ ನೋಡಿದ,
ಒಂದೊಂದ ಆರಿಸಿ
ಅಂಚಿಗೆ ಇಟ್ಟ.

ಮುಂದಿನ ಜುಮ್ಮಾಕ್ಕ ಸೋತೊಕ್ಕ ಕೈ ಹಾಕಿದೆ.
ಕೊಪ್ಪಳ ಸಂತಿ ಪೂರ್ತಿ ತಿರುಗಿದ್ರೂ ನಿಂಬಿಹುಲ್ಲು ಇಲ್ಲ;
ನಿಂಬಿ ಎಲಿ ಹರದು ಹಾಕಿದೆ.
ಸೀಗಡಿ ಹಪ್ಪಳ ಎಲ್ಲಿಂದ ತರಲಿ,
ಸಮುದ್ರ ಏನು ಟಿಬಿ ಡ್ಯಾಮಿಗೆ ಬರತೈತೇನು?
ಪುಟಾಣಿ, ಹುರಿದ ಬಳ್ಳೊಳ್ಳಿ ಕುಟ್ಟಿ ಜರಡಿ ಹಿಡದೆ.
ವಗ್ಗರಣಿ ಮ್ಯಾಲೆ ಉದುರಸೋದೂ ಅದ,
ಕುಟ್ಟಿದ ಕೈಯೂ ಅದ.

ತಲಿ ಎತ್ತಲಾರದ ಎರಡು ಬಟ್ಟಲ ಉಂಡ.
ಹೆಂಗಾತು? ಅಂದೆ.
ಲಮೊಂಗಾನಿಂದಲ್ಲ, ಅಂದ.
ಕೂದುಸಿಂದು? ಅದೂ ಅಲ್ಲ.
ಬೆವರು ಒರಸಿಕೋತ ಹೆಂತಿಗೆ ವಿಡಿಯೋ ಹಚ್ಚಿದ.
ಆಕಿ ಬಟ್ಟಲ ನೋಡಿ ಏನೋ ಅಂದ್ಲು,
ಇವ ಏನೋ ಅಂದ, ದನಿ ಏರಿತು.
ಶಂಶಾವಲಿ ಬಾಯಿ ತೆರೆಯೋದ್ರಾಗ
ಬಿಡೋ, ನನಗ ತಿಳೀತು, ಅಂದೆ.
ಬಟ್ಟಲ ದೊಡ್ಡದಾತು ಅನ್ನಾಕಹತ್ಯಾಳ.

ಈಗ ಶುಕ್ರವಾರ ಬಂದ್ರ ಕ್ರೇನಿನ ಹುಡುಗರು
ಅದರಾಗ ಮಿರ್ಚಿ ಮುರದು ಹಾಕ್ತಾರ,
ಕಟಕರೊಟ್ಟಿ ನೆನಸ್ತಾರ.
ಸೋತೊ ಐತೇನ್ ಮಾಮಾ? ಅಂತ ಕೇಳಿದ್ರ
ಗಲ್ಲಾದಾಗ ಕುಂತ ನನ್ನ ಗಂಡ
ಚಿಲ್ಲರಿ ಎಣಿಸಿಕೋತ ಅಂತಾನ,
ಸೋತು ಭಾಳ ದಿನ ಆತು.

ಹೋಗೋ ದಿನ ಅವಗ ಅರ್ಧ ಕಿಲೊ ಪುಡಿ ಕಟ್ಟಿದ್ದೆ.
ಮೊನ್ನೆ ಶಂಶಾವಲಿ ಫೋನಿಗೆ ಫೋಟೊ ಬಂದೈತಿ:
ಹೂವಿನ ಪ್ಲಾಸ್ಟಿಕ್ ಹಾಸಿದ ಟೇಬಲ್ಲು, ಎರಡು ಬಟ್ಟಲ,
ಒಂದು ದೊಡ್ಡದು,
ಒಂದು ಚಾದ ಬಸಿಯಷ್ಟು.
ಪುಡಿ ದೊಡ್ಡದರ ಮ್ಯಾಲಷ್ಟ ಐತಿ.